ಕೋಬಾಟ್ ಪಕ್ಕ ನಿಲ್ಲುವವರ ಲೆಕ್ಕ

ಬೇಲಿಯಿಲ್ಲದೆ ಮನುಷ್ಯರ ಪಕ್ಕದಲ್ಲೇ ದುಡಿಯುವ ರೋಬೋಟ್, ಅಂದರೆ ಕೋಬಾಟ್, ಅಕಸ್ಮಾತ್ ಮೈಗೆ ತಾಗಿದರೆ, ಎಷ್ಟು ಜೋರಾಗಿ ತಾಗಬಹುದು? 2016ರಲ್ಲಿ ಪ್ರಕಟವಾದ ಐಎಸ್‌ಒ/ಟಿಎಸ್ 15066 ಎಂಬ ತಾಂತ್ರಿಕ ದಾಖಲೆ ಇದಕ್ಕೆ ಅಂಕಿಗಳಲ್ಲೇ ಉತ್ತರ ಕೊಟ್ಟಿತು. ಅದರ ಒತ್ತಡದ ಮಿತಿಗಳ ಹಿಂದೆ ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಅಧ್ಯಯನವಿದೆ: 100 ಮಂದಿ ಆರೋಗ್ಯವಂತ ವಯಸ್ಕರ ಮೈಯ 29 ಜಾಗಗಳನ್ನು ಒತ್ತಿ, ಎಷ್ಟು ಒತ್ತಡಕ್ಕೆ ನೋವು ಶುರುವಾಗುತ್ತದೆ ಎಂದು ನೋಡಿದರು. ಗಾಯವಾಗುವವರೆಗೆ ಕಾಯದೆ, ನೋವಿನ ಹೊಸ್ತಿಲನ್ನೇ ಗಡಿಯಾಗಿ ಹಿಡಿದದ್ದು ಈ ದಾಖಲೆಯ ದೊಡ್ಡತನ. ಅದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಈ ಅಂಕಿಗಳನ್ನು ಅವಸರದಲ್ಲಿ ಓದಬಾರದು. ಕೈಬೆರಳು ಸಿಕ್ಕಿಕೊಂಡಾಗ ಬಲದ ಮಿತಿ 140 ನ್ಯೂಟನ್, ಅಂದರೆ ಸುಮಾರು 14 ಕಿಲೋ ಭಾರ. ಅಗಲವಾದ, ದುಂಡನೆಯ ರೋಬೋಟ್ ತೋಳು ಅಂಗೈಯನ್ನು ಅಷ್ಟು ಒತ್ತಿದರೆ ತಡೆದುಕೊಳ್ಳಬಹುದು. ಅದೇ ತೋಳಿನ ತುದಿಗೆ 5 ಮಿಲಿಮೀಟರ್ ದಪ್ಪದ ಸ್ಕ್ರೂಡ್ರೈವರ್ ಬಿಟ್ ಹಾಕಿದ್ದಾರೆ ಎನ್ನಿ. ಅದರಡಿ ಬೆರಳು ಸಿಕ್ಕರೆ, ಅಷ್ಟೇ ಬಲಕ್ಕೆ ಒತ್ತಡ ಚದರ ಸೆಂಟಿಮೀಟರಿಗೆ 700 ನ್ಯೂಟನ್ ದಾಟುತ್ತದೆ. ಬೆರಳಿಗೆ ದಾಖಲೆ ಒಪ್ಪುವುದು ಹೆಚ್ಚೆಂದರೆ 300. ‘ಕೋಬಾಟ್ ತಂದಿದ್ದೇವಲ್ಲ, ಇನ್ನೇನು ಭಯ?’ ಎನ್ನುವ ಕಾರ್ಖಾನೆಗಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ರೋಬೋಟ್ ಸುರಕ್ಷತೆಯ ಮಾನದಂಡವಾದ ಐಎಸ್‌ಒ 10218ರ 2025ರ ಪರಿಷ್ಕೃತ ಆವೃತ್ತಿ ಈ ದಾಖಲೆಯನ್ನು ತನ್ನೊಳಗೆ ಸೇರಿಸಿಕೊಂಡು, ಬರೀ ರೋಬೋಟನ್ನಲ್ಲ, ಅದು ಮಾಡುವ ಕೆಲಸವನ್ನು ಇಡಿಯಾಗಿ ಪರೀಕ್ಷಿಸಬೇಕೆಂದು ಹೇಳಿದ್ದು ಸರಿಯಾಗಿಯೇ ಇದೆ.

ನನ್ನ ನಿಜವಾದ ತಕರಾರು ಕೆಲಸದ ಮೇಜಿನ ಎತ್ತರದ ಬಗ್ಗೆ. ಎದೆಗೆ ಮಿತಿ 140 ನ್ಯೂಟನ್, ಮುಖಕ್ಕೆ ಬರೀ 65. ಮೇಜು ಒಂದೇ ಎತ್ತರಕ್ಕೆ ಬಿಗಿದಿದ್ದರೆ, ಎತ್ತರದ ಕೆಲಸಗಾರನ ಎದೆಯ ಮಟ್ಟದಲ್ಲಿ ತಿರುಗುವ ತೋಳು ಗಿಡ್ಡಗಿರುವ ಹೆಂಗಸಿನ ಮುಖದ ಮಟ್ಟಕ್ಕೆ ಬರುತ್ತದೆ. ಎತ್ತರದವನೂ ಸ್ಕ್ರೂ ಕಾಣದೆ ಬಗ್ಗಿದ ಕ್ಷಣ ಅಲ್ಲಿಗೇ ಮುಖ ಒಡ್ಡುತ್ತಾನೆ. ಬಗ್ಗಿ ಬರುವ ಬೆನ್ನುನೋವು ಬೇರೆ, ಅಪಘಾತ ಬೇರೆ ಎಂದು ಎರಡು ಕಡತಗಳಲ್ಲಿ ಇಡುವುದರಿಂದಲೇ ಇದು ಕಣ್ಣಿಗೆ ಬೀಳುವುದಿಲ್ಲ. ಎತ್ತರ ಬದಲಿಸಬಲ್ಲ ಮೇಜೂ ಒಂದು ಸುರಕ್ಷತಾ ಸಾಧನವೇ.

ಇನ್ನು ಕೆಲಸದ ವೇಗ. ದಾಖಲೆಯಲ್ಲಿರುವ ಈ ಮಿತಿಗಳ ಕೋಷ್ಟಕ ತೋಳಿನ ವೇಗವನ್ನು ಕಟ್ಟಿಹಾಕುತ್ತದೆ, ಗಂಟೆಗೆ ಎಷ್ಟು ಬಿಡಿಭಾಗ ಎಂಬುದನ್ನಲ್ಲ. ತೋಳು ದಣಿಯದೆ ಕೈಚಾಚುತ್ತಲೇ ಇದ್ದರೆ, ಅದಕ್ಕೆ ಬಿಡಿಭಾಗ ಒದಗಿಸುವವರ ಭುಜ, ಮಣಿಕಟ್ಟು ಶಿಫ್ಟಿನ ಕೊನೆಗೆ ಸೋಲುತ್ತವೆ. ಒಂದೇ ಒಂದು ಪೆಟ್ಟೂ ಬೀಳದೆ ಆಗುವ ಈ ಹಾನಿಗೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ಯಂತ್ರ ಕೂರಿಸುವವರು ಬಲಮಾಪಕ ಹಿಡಿದು ಪರೀಕ್ಷೆಗೆ ಬಂದಾಗ, ಆ ಶಿಫ್ಟಿನ ಅತಿ ಗಿಡ್ಡ ಮತ್ತು ಅತಿ ಎತ್ತರದ ಕೆಲಸಗಾರರಿಬ್ಬರೂ ಅಲ್ಲಿರಬೇಕು; ವೇಗ ತಗ್ಗಿಸುವ ಗುಂಡಿ ಅವರ ಕೈಗೆಟುಕುವಲ್ಲೇ ಇರಬೇಕು, ಮೇಲ್ವಿಚಾರಕರ ಕೋಣೆಯಲ್ಲಲ್ಲ.