ಬೇಚರಾಕ್: ದೀಪವಿಲ್ಲದ ಊರನ್ನು ಓದುವುದು

ಕಂದಾಯ ಕಡತಗಳಲ್ಲಿ ಜನವಸತಿ ಇಲ್ಲದ ಊರಿಗೆ ‘ಬೇಚರಾಕ್’ ಎನ್ನುತ್ತಾರೆ. ಪರ್ಶಿಯನ್ನಿನ ‘ಬೇ-ಚಿರಾಗ್’ನಿಂದ ಬಂದ ಮಾತು, ದೀಪವಿಲ್ಲದ್ದು ಎಂದರ್ಥ. ಎಣ್ಣೆ ತೀರಿ ದೀಪ ಆರಿತೋ, ಯಾರಾದರೂ ಆರಿಸಿದರೋ ಎಂಬುದನ್ನು ಈ ಪದ ಹೇಳುವುದಿಲ್ಲ. ಪ್ಲೇಗಿಗೆ ಬಿಟ್ಟ ಊರು, ಬರಕ್ಕೆ ಬಿಟ್ಟ ಊರು, ಕತ್ತಿಗೆ ಅಂಜಿ ಬಿಟ್ಟ ಊರು ಕಡತದಲ್ಲಿ ಒಂದೇ. ಹಾಗಾಗಿ ಹಾಳುಗೋಡೆ ಕಂಡಲ್ಲೆಲ್ಲ 1948ನ್ನು ಓದುವುದೂ ತಪ್ಪು, ಎಲ್ಲಿಯೂ ಓದದಿರುವುದೂ ತಪ್ಪು.

ನರೋಣಾ, ಆಳಂದ, ಅಫಜಲಪುರ, ಜೇವರ್ಗಿ ಕಡೆ ಆ ವರ್ಷಕ್ಕೆ ಎರಡು ಹೆಸರುಗಳಿವೆ. ಒಂದು ‘ರಜಾಕಾರರ ಹಾವಳಿ’. ಇದರಲ್ಲಿ ಮಾಡಿದವರು ಯಾರೆಂದು ಹೆಸರಲ್ಲೇ ಇದೆ. ಊರು ಬಿಟ್ಟವರು ಗಡಿ ದಾಟಿ ಸೊಲ್ಲಾಪುರ, ವಿಜಯಪುರದ ಕಡೆ ಹೋದರು. ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡಕ್ಕೆ ಈಗ ಸ್ಮಾರಕವಿದೆ. ಅದು ಇರಬೇಕಾದ್ದೇ.

ಎರಡನೆಯದು ‘ಪೋಲೀಸ್ ಆ್ಯಕ್ಷನ್’. ಸೆಪ್ಟೆಂಬರ್ 13ರಂದು ಹೊರಟದ್ದು ಸೇನೆ, ಹೆಸರು ಮಾತ್ರ ಪೋಲೀಸರದು. 17ಕ್ಕೆ ನಿಜಾಮ ಶರಣಾದ. ಆ ದಿನವನ್ನು ನಾವು ಉತ್ಸವವಾಗಿ ಆಚರಿಸುತ್ತೇವೆ. ಆದರೆ ಆ ದಿನಗಳಲ್ಲಿ ಮತ್ತು ಅನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದಕ್ಕೆ ನಮ್ಮಲ್ಲಿ ‘ಹಾವಳಿ’ಯಂಥ ಒಂದು ಮಾತು ನೆಲೆಯಾಗಲಿಲ್ಲ. ಹೆಸರಿಲ್ಲದ್ದು ಕಥೆಯಾಗುವುದೂ ಕಷ್ಟ.

ಇಲ್ಲಿ ಪಂಡಿತ್ ಸುಂದರಲಾಲ್ ಸಮಿತಿಯ ವರದಿಯನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕು. ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತಿತರರು ನೆಹರೂ ಸರ್ಕಾರದ ಪರವಾಗಿ 1948ರ ನವೆಂಬರ್-ಡಿಸೆಂಬರ್‌ನಲ್ಲಿ ಸಂಸ್ಥಾನ ಸುತ್ತಿದರು. ಸತ್ತವರು ಕನಿಷ್ಠ 27,000ದಿಂದ 40,000 ಎಂಬುದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ. ಸರ್ಕಾರ ಇದನ್ನು ಪ್ರಕಟಿಸಲಿಲ್ಲ. ಪೂರ್ಣವಾಗಿ ಓದಲು ಸಿಕ್ಕಿದ್ದು ದಶಕಗಳ ನಂತರ.

ವರದಿಯ ಗದ್ಯ ಅಧಿಕಾರಿಗಳ ಗದ್ಯವೇ. ಅಂಕಿಗಳನ್ನು ಜಾಗ್ರತೆಯಿಂದ ಕೊಡುತ್ತದೆ, ರಜಾಕಾರರ ಕ್ರೌರ್ಯವನ್ನು ಮರೆಯುವುದಿಲ್ಲ, ಸೇನೆಯ ಶಿಸ್ತನ್ನು ಹೊಗಳುತ್ತ ತಪ್ಪುಗಳನ್ನೂ ಹೇಳುತ್ತದೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೇಕಾರರ ವಿಷಯ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತು ತಾವೇ ಪ್ರಾಣ ಕೊಟ್ಟರಂತೆ. ಒಂದೇ ಕಸುಬಿನವರಲ್ಲಿ ಇಂಥ ಅಂತಃಕರಣ ಹೆಚ್ಚು ಕಂಡಿತೆಂದು ಸಮಿತಿ ಗುರುತಿಸುತ್ತದೆ. ಧರ್ಮದ ಲೆಕ್ಕ ಬರೆಯಲು ಹೋದವರಿಗೆ ಮಗ್ಗದ ಸಂಬಂಧ ಕಂಡಿತು. ಆದರೆ ಆ ನೇಕಾರರಿಗೆ ಅಲ್ಲಿ ಹೆಸರಿಲ್ಲ, ಮಾತಿಲ್ಲ. ವರದಿ ಅವರನ್ನು ಉದಾಹರಣೆಯಾಗಿ ಹೇಳಿ ಮುಂದೆ ಹೋಗುತ್ತದೆ.

ಸಾಹಿತ್ಯದ ಕೆಲಸ ಶುರುವಾಗಬೇಕಾದ್ದು ಆ ಜಾಗದಿಂದ. ವಿಮೋಚನೆಯ ಬರಹಗಳಿಗೆ ವೀರರು ಬೇಕು, ವರದಿಗೆ ಸಂಖ್ಯೆ ಬೇಕು. ಅಡಿಗೆಮನೆ ಬಿಟ್ಟು ಎದ್ದು ಹೋದವಳು, ಪಕ್ಕದ ಮನೆಗೆ ಕೀಲಿ ಕೊಟ್ಟು ಹೋದವನು, ಆ ಕೀಲಿ ಇಟ್ಟುಕೊಂಡವನು, ಆ ಹೊಲವನ್ನು ಆಮೇಲೆ ಉತ್ತವನು: ಇವರು ಎರಡರಲ್ಲೂ ಇಲ್ಲ. ಗೋರ್ಟಾದ ಸಾವಿಗೆ ಅತ್ತರೆ ಆಮೇಲಿನ ಸಾವನ್ನು ಮುಚ್ಚಿದಂತಾಗದು. ಆಮೇಲಿನದನ್ನು ಬರೆದರೆ ಗೋರ್ಟಾ ಚಿಕ್ಕದಾಗದು. ಎರಡನ್ನೂ ಒಂದೇ ಊರಿನ ಒಂದೇ ವರ್ಷವಾಗಿ ಬರೆಯುವ ಗದ್ಯ ನಮಗೆ ಬೇಕು. ಅದಕ್ಕೆ ಮೊದಲು ಬೇಚರಾಕ್ ಎಂದು ಬರೆದಲ್ಲೆಲ್ಲ, ಅಲ್ಲಿ ದೀಪ ಹಚ್ಚುತ್ತಿದ್ದವರು ಯಾರು ಎಂದು ಊರಿನ ಹಿರಿಯರನ್ನು ಕೇಳಬೇಕು. ಕೇಳಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ.