ಬಾಲ್ಕನಿಗಿಂತ ಇನ್ನೊಂದು ಬಚ್ಚಲು ಮೇಲು

ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೋ ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೋ ಕ್ರೂಸ್ ಹೋಗಿಬರೋಣವೆಂದು ನಾಲ್ವರು ಸ್ನೇಹಿತರು ಮನಸ್ಸು ಮಾಡಿದರೆ, ದುಡ್ಡು ಕಟ್ಟುವ ಹೊತ್ತಿಗೆ ಅವರ ಮುಂದೆ ಎರಡು ದಾರಿ ಉಳಿದಿರುತ್ತದೆ. ಒಂದು, ಸಮುದ್ರದ ಕಡೆ ತೆರೆದುಕೊಳ್ಳುವ ಬಾಲ್ಕನಿಯಿರುವ, ನಾಲ್ಕು ಹಾಸಿಗೆಯ ಒಂದೇ ಕ್ಯಾಬಿನ್. ಇನ್ನೊಂದು, ಹಡಗಿನ ಒಳಮಗ್ಗುಲಲ್ಲಿ ಕಿಟಕಿಯೇ ಇಲ್ಲದ ಎರಡು ಇಂಟೀರಿಯರ್ ಕ್ಯಾಬಿನ್. ಎರಡರ ಒಟ್ಟು ಮೊತ್ತ ಎಷ್ಟೋ ಸಲ ಅಕ್ಕಪಕ್ಕದಲ್ಲೇ ಬಂದು ನಿಲ್ಲುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿ ಸಂಬಳದಲ್ಲಿ ಉಳಿಸಿಟ್ಟು ಹೊರಟವರ ಬೆರಳು ಸಹಜವಾಗಿಯೇ ಬಾಲ್ಕನಿಯ ಚಿತ್ರದ ಮೇಲೆ ಹೋಗುತ್ತದೆ. ಹೋಗಬಾರದು ಎನ್ನುವುದು ನನ್ನ ವಾದ. ಸ್ನೇಹಿತರು ಸಣ್ಣ ಕ್ಯಾಬಿನ್ ಹಂಚಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಇಬ್ಬರು ಹಂಚಿಕೊಳ್ಳುವುದು ಬೇರೆ, ನಾಲ್ವರು ಹಂಚಿಕೊಳ್ಳುವುದು ಬೇರೆ. ನೋಟಕ್ಕೆ ಸುರಿಯುವ ದುಡ್ಡನ್ನು ಇನ್ನೊಂದು ಬಾಗಿಲಿಗೆ, ಇನ್ನೊಂದು ಬಚ್ಚಲಿಗೆ ಕೊಟ್ಟವರು ಬುದ್ಧಿವಂತರು.

ಬಾಲ್ಕನಿ ಕ್ಯಾಬಿನ್ ಎಂದರೆ ದೊಡ್ಡ ಕ್ಯಾಬಿನ್ ಎಂಬ ನಂಬಿಕೆಯಿಂದಲೇ ಎಡವಟ್ಟು ಶುರು. ಕಾರ್ನಿವಲ್ ಕಂಪನಿಯ ಅನೇಕ ಹಡಗುಗಳಲ್ಲಿ ಇಂಟೀರಿಯರ್ ಕ್ಯಾಬಿನ್ ಸುಮಾರು 185 ಚದರ ಅಡಿ; ಬಾಲ್ಕನಿ ಕ್ಯಾಬಿನ್‌ನ ಒಳಗೂ ಅದೇ 185, ಹೊರಗೆ ಮಾತ್ರ 35 ಚದರ ಅಡಿ ಹೆಚ್ಚು. ಅಂದರೆ ಎರಡು ಕುರ್ಚಿ, ಒಂದು ಪುಟ್ಟ ಮೇಜು. ಕ್ರೂಸ್ ಲೋಕದಲ್ಲಿ ಇದೇ ಧಾರಾಳ ಎನಿಸಿಕೊಳ್ಳುವ ಅಳತೆ. ಮುಂಬೈಯಿಂದ ಪ್ರಯಾಣ ಶುರುಮಾಡಿದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಮೂರು–ನಾಲ್ಕು ದಿನದ ಕಿರುಯಾನಗಳಿಗೆಂದೇ ತಯಾರಾದದ್ದು. ಆ ಕಾಲದ ಕ್ಯಾಬಿನ್‌ಗಳು ಇನ್ನೂ ಇಕ್ಕಟ್ಟು. ಈಗ ಹಡಗಿನ ಕೆಲಸಗಾರರ ಕೋಣೆಗೆ ಬನ್ನಿ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಪ್ರಯಾಣಿಕರ ಹಡಗಿನಲ್ಲಿ ಇಬ್ಬರು ಸಾಮಾನ್ಯ ಸಿಬ್ಬಂದಿ ಮಲಗುವ ಕೋಣೆ ಕನಿಷ್ಠ 7.5 ಚದರ ಮೀಟರ್, ನಾಲ್ವರು ಮಲಗುವುದಾದರೆ ಕನಿಷ್ಠ 14.5 ಚದರ ಮೀಟರ್ ಇರಬೇಕು. 14.5 ಎಂದರೆ ಹೆಚ್ಚುಕಡಿಮೆ 156 ಚದರ ಅಡಿ. ಪ್ರಯಾಣಿಕರ ಕ್ಯಾಬಿನ್‌ಗೆ ಕಂಪನಿಗಳು ಹೇಳುವ ಅಳತೆಯಲ್ಲಿ ಸಾಮಾನ್ಯವಾಗಿ ಬಚ್ಚಲೂ ಸೇರಿರುತ್ತದೆ. ಅದನ್ನು ಕಳೆದು ನೋಡಿದರೆ, ನಾಲ್ವರು ಸ್ನೇಹಿತರಿಗೆ ಉಳಿಯುವುದು ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರಿಗೆ ನಿಯಮ ಕೊಡಿಸಿರುವ ಕನಿಷ್ಠ ಜಾಗದ ಆಸುಪಾಸು. ಅವರಿಗೆ ಅಲ್ಲಿ ಮಲಗಿದ್ದಕ್ಕೆ ಸಂಬಳವಾದರೂ ಬರುತ್ತದೆ.

ಚದರ ಅಡಿಗಿಂತ ಹೆಚ್ಚು ಕಾಡುವುದು ಗಡಿಯಾರ. ಊರಿನ ಹೋಟೆಲ್‌ನಲ್ಲಿ ಒಬ್ಬ ಎಂಟಕ್ಕೆ ಎದ್ದರೆ ಇನ್ನೊಬ್ಬ ಹತ್ತಕ್ಕೆ ಎದ್ದರೂ ನಡೆಯುತ್ತದೆ. ಹಡಗು ಹಾಗಲ್ಲ. ಬಂದರು ತಲುಪಿದ ಬೆಳಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಇಳಿಯಬೇಕು, ಸಂಜೆ ಒಂದೇ ಹೊತ್ತಿಗೆ ಬೆವರು ತೊಳೆದುಕೊಂಡು ಊಟಕ್ಕೆ ತಯಾರಾಗಬೇಕು. ಕ್ಯಾಬಿನ್‌ನ ಬಾತ್‌ರೂಮ್ ಅನೇಕ ಹಡಗುಗಳಲ್ಲಿ ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಬಂದು ಒಳಗೆ ಕೂರುವ ಡಬ್ಬಿ; ಕಮೋಡು, ಬೇಸಿನ್ನು, ಶವರು ಮೂರೂ ಅದರಲ್ಲೇ. ಒಬ್ಬರಿಗೆ ಇಪ್ಪತ್ತು ನಿಮಿಷ ಎಂದರೂ ನಾಲ್ವರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ, ಅದೂ ಯಾರೂ ಕನ್ನಡಿಯ ಮುಂದೆ ನಿಂತುಬಿಡದಿದ್ದರೆ. ಮೇಲಿನ ಎರಡು ಹಾಸಿಗೆಗಳು ಗೋಡೆಯಿಂದಲೋ ಚಾವಣಿಯಿಂದಲೋ ಕೆಳಗಿಳಿಯುವ ಮಡಚುಮಂಚಗಳು. ರಾತ್ರಿ ಅವು ಬಿಚ್ಚಿದ ಮೇಲೆ ಕೆಳಗಿನವರು ನೆಟ್ಟಗೆ ಕೂರುವುದೂ ಕಷ್ಟ, ಮೇಲಿನವರು ನಡುರಾತ್ರಿ ಏಣಿ ಇಳಿದರೆ ಮೂವರಿಗೂ ಎಚ್ಚರ. ಹಳೆಯ ಹಡಗಾದರೆ ಪ್ಲಗ್ ಪಾಯಿಂಟ್ ಒಂದೋ ಎರಡೋ. ಬೆಂಕಿಯ ಭಯದಿಂದ ಬಹಳ ಕಂಪನಿಗಳು ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಒಳಗೆ ಬಿಡುವುದಿಲ್ಲ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ. ಕ್ಯಾಬಿನ್‌ನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ನಾಲ್ಕು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಒದ್ದೆ ಟವೆಲ್ಲಿಗೊಂದು ಗತಿ ಕಾಣಿಸಬಹುದು. ಬಚ್ಚಲಿನ ಸಾಲಿಗೆ ಅಂಥ ಉಪಾಯ ಯಾವುದೂ ಇಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ದುಡ್ಡಿನದು. ಕ್ಯಾಬಿನ್ ದರ ಇಬ್ಬರ ಲೆಕ್ಕದಲ್ಲಿ ನಿಂತಿರುತ್ತದೆ. ಮೂರನೆಯ, ನಾಲ್ಕನೆಯ ತಲೆಗೆ ದರ ಗಣನೀಯವಾಗಿ ಕಡಿಮೆ. ಹಾಗಾಗಿ ನಾಲ್ವರು ಒಂದೇ ಕಡೆ ಇದ್ದರೆ ಉಳಿತಾಯವಲ್ಲವೇ? ಒಂದೇ ದರ್ಜೆಯ ಕ್ಯಾಬಿನ್‌ಗಳನ್ನು ಹೋಲಿಸಿದರೆ ನಿಜ. ಕೈಯಲ್ಲಿ ಕಾಸಿಲ್ಲದವರು ನಾಲ್ವರೂ ಒಂದೇ ಇಂಟೀರಿಯರ್‌ನಲ್ಲಿ ಹೋಗಲಿ, ಹೋಗದಿರುವುದಕ್ಕಿಂತ ಅದು ಮೇಲು. ಆದರೆ ಆ ಉಳಿತಾಯವನ್ನು ಬಾಲ್ಕನಿಗೆ ಸುರಿಯುವವರ ಬಗ್ಗೆಯೇ ಈ ಮಾತು. ರಿಯಾಯಿತಿ ಇರುವುದು ದರಕ್ಕೆ ಮಾತ್ರ. ಬಂದರಿನ ಶುಲ್ಕ, ತೆರಿಗೆ, ದಿನಕ್ಕಿಷ್ಟೆಂದು ವಸೂಲಾಗುವ ಟಿಪ್ಸ್ ಇವೆಲ್ಲ ತಲೆಲೆಕ್ಕ. ಇದಕ್ಕಿಂತ ದುಬಾರಿಯಾದ ಬಲೆ ಇನ್ನೊಂದಿದೆ. ಕಾರ್ನಿವಲ್‌ನಂಥ ಕಂಪನಿಗಳಲ್ಲಿ ಒಂದು ಕ್ಯಾಬಿನ್‌ನ ಒಬ್ಬ ವಯಸ್ಕ ಮದ್ಯದ ಪ್ಯಾಕೇಜ್ ಕೊಂಡರೆ, ಅದೇ ಕ್ಯಾಬಿನ್‌ನಲ್ಲಿರುವ ಕುಡಿಯುವ ವಯಸ್ಸಿನ ಎಲ್ಲರೂ ಕೊಳ್ಳಲೇಬೇಕು. ಒಬ್ಬರ ಗ್ಲಾಸಿನಲ್ಲಿ ಎಲ್ಲರೂ ಕುಡಿಯಬಾರದಲ್ಲ. ನಾಲ್ವರಲ್ಲಿ ಇಬ್ಬರು ಕುಡಿಯುವವರು, ಇಬ್ಬರು ನಿಂಬೆ ಪಾನಕದವರು ಎಂದುಕೊಳ್ಳಿ. ಒಂದೇ ಕ್ಯಾಬಿನ್ ಆದರೆ ನಿಂಬೆ ಪಾನಕದವರೂ ದಿನದಿನವೂ ಮದ್ಯದ ದುಡ್ಡು ತೆರುತ್ತಾರೆ. ಎರಡು ಕ್ಯಾಬಿನ್ ಮಾಡಿ ಕುಡಿಯುವವರನ್ನು ಒಂದು ಕಡೆ ಹಾಕಿದರೆ ಆ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಆಕ್ಷೇಪ ಸಮುದ್ರದ್ದು. ಕಿಟಕಿಯಿಲ್ಲದ ಪೆಟ್ಟಿಗೆಯಲ್ಲಿ ಮಲಗಲು ಹಡಗು ಹತ್ತಬೇಕೇ? ಮಲಗಲು ಅದಕ್ಕಿಂತ ಒಳ್ಳೆಯ ಜಾಗ ಹಡಗಿನಲ್ಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ವಯಸ್ಸಿನವರು ರಾತ್ರಿ ಎರಡಕ್ಕೆ ಡೆಕ್‌ನಿಂದ ಇಳಿದು ಬರುತ್ತಾರೆ. ಬಾಲ್ಕನಿಯ ಗಾಜಿನಲ್ಲಿ ಆರಕ್ಕೇ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಇಂಟೀರಿಯರ್‌ನ ಗವ್ವೆನ್ನುವ ಕತ್ತಲೆ ಹನ್ನೊಂದರವರೆಗೂ ಯಾರನ್ನೂ ಎಬ್ಬಿಸುವುದಿಲ್ಲ. ಸಮುದ್ರವನ್ನು ನೋಡಲು ಮೇಲಿನ ಡೆಕ್ ಪೂರ್ತಿ ಬಿಟ್ಟಿಯಾಗಿದೆ. ಒಟ್ಟಿಗೆ ಇರುವ ಖುಷಿ ಹೋಗುತ್ತದೆ ಎನ್ನುವವರಿಗೂ ಉತ್ತರ ಅಲ್ಲೇ ಇದೆ: ಊಟದ ಮೇಜು, ಈಜುಕೊಳ, ಥಿಯೇಟರ್ ಎಲ್ಲವೂ ಸೇರಲೆಂದೇ ಇರುವ ಜಾಗಗಳು. 2010ರಲ್ಲಿ ಯಾನ ಶುರುಮಾಡಿದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆಂದು 100 ಚದರ ಅಡಿಯ 128 ಸ್ಟುಡಿಯೋ ಕ್ಯಾಬಿನ್‌ಗಳನ್ನೂ ಅವರು ಮಾತ್ರ ಸೇರುವ ಒಂದು ಲೌಂಜನ್ನೂ ಮಾಡಿದರು. ಮಲಗಲು ಕಿರಿದಾದ ಸ್ವಂತ ಜಾಗ, ಹರಟೆಗೆ ಹೊರಗೆ ವಿಶಾಲವಾದದ್ದು ಎಂಬ ಆ ಲೆಕ್ಕ ಗೆಳೆಯರ ಗುಂಪಿಗೂ ಒಪ್ಪುತ್ತದೆ.

ನಾನು ಪೂರ್ತಿ ಒಪ್ಪಿಕೊಳ್ಳುವ ಆಕ್ಷೇಪಗಳು ಎರಡು. ಗುಂಪಿನಲ್ಲಿ ಒಬ್ಬರಿಗೆ ರಜೆ ಸಿಗದೆ ಕೊನೇ ಗಳಿಗೆಯಲ್ಲಿ ಕೈಕೊಡುವುದು ಅಪರೂಪವಲ್ಲ. ಒಂದೇ ಕ್ಯಾಬಿನ್ ಆಗಿದ್ದರೆ ಮೂವರಿಗೆ ಹೆಚ್ಚೇನೂ ಹೊರೆಯಿಲ್ಲ. ಎರಡು ಕ್ಯಾಬಿನ್ ಆದರೆ ಉಳಿದ ಒಬ್ಬರ ಮೇಲೆ ಹೆಚ್ಚುಕಡಿಮೆ ಎರಡು ತಲೆಯ ದರ ಬೀಳಬಹುದು. ಆ ನಷ್ಟವನ್ನು ಮೂವರೂ ಹಂಚಿಕೊಳ್ಳುತ್ತೇವೆಂದು ದುಡ್ಡು ಕಟ್ಟುವ ಮೊದಲೇ ಮಾತಾಗಿರಬೇಕು; ಆ ಮಾತಾಡಲಾರದಷ್ಟು ಹೊಸ ಸ್ನೇಹವಾದರೆ ಒಂದೇ ಕ್ಯಾಬಿನ್ ಸರಿ. ಇನ್ನೊಂದು ವಯಸ್ಸಿನದು. ಏಷ್ಯಾದಿಂದ ಹೊರಡುವ ಯಾನಗಳಲ್ಲಿ ರಾಯಲ್ ಕೆರಿಬಿಯನ್ ಕಂಪನಿ 18 ತುಂಬಿದವರಿಗೆ ತಾವೇ ಹೋಗಲು ಬಿಡುತ್ತದೆ. ಉತ್ತರ ಅಮೆರಿಕದಿಂದ ಹೊರಟರೆ ಪ್ರತಿ ಕ್ಯಾಬಿನ್‌ನಲ್ಲೂ 21 ತುಂಬಿದ ಒಬ್ಬರಾದರೂ ಇರಬೇಕು. ಅಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರ ಗುಂಪಿನಲ್ಲಿ ಒಬ್ಬರಿಗೆ ಮಾತ್ರ 21 ಆಗಿದ್ದರೆ ಆಯ್ಕೆಯೇ ಇಲ್ಲ.

ಎರಡು ಕ್ಯಾಬಿನ್ ಎಂದು ತೀರ್ಮಾನವಾದ ಮೇಲೆ ನಡುವೆ ಬಾಗಿಲಿರುವ ಕನೆಕ್ಟಿಂಗ್ ಜೋಡಿಯೇ ಬೇಕೆಂದು ಹಟ ಹಿಡಿಯಬೇಡಿ. ಅವು ಸಂಸಾರಸ್ಥರಿಗೆ ಬೇಗ ಹೋಗಿಬಿಡುತ್ತವೆ, ಆ ಬಾಗಿಲಿನ ಸಂದಿಯಿಂದ ಗೊರಕೆಯೂ ದಾಟುತ್ತದೆ. ಕಾರಿಡಾರ್‌ನ ಎದುರುಬದುರು ಕ್ಯಾಬಿನ್‌ಗಳು ಸಾಕು. ಹಡಗಿನ ನಡುಭಾಗದ ಕೆಳ ಡೆಕ್ ಆದರೆ ತೂಗಾಟವೂ ಕಡಿಮೆ, ಸಾಮಾನ್ಯವಾಗಿ ದರವೂ ಕಡಿಮೆ. ಡೆಕ್ ನಕ್ಷೆ ತೆಗೆದು ತಲೆಯ ಮೇಲೆ ನೈಟ್‌ಕ್ಲಬ್ ಇಲ್ಲವೆಂದು ಮಾತ್ರ ಖಚಿತ ಮಾಡಿಕೊಳ್ಳಿ.