ಕಲ್ಪಿತಲೋಕವೂ ಅದರ ಜನರೂ

1937ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ ಅವರು ಮಕ್ಕಳಿಗಾಗಿ ಬರೆದ ‘ದಿ ಹಾಬಿಟ್’ ಎಂಬ ಕಥೆ ಪ್ರಕಟವಾಗಿ ಓದುಗರ ಆದರವನ್ನು ಪಡೆದಾಗ, ಪ್ರಕಾಶಕರಾದ ಸ್ಟ್ಯಾನ್ಲಿ ಅನ್‌ವಿನ್ ಅವರು ಇನ್ನೊಂದು ಪುಸ್ತಕವನ್ನು ಬೇಡಿದರು. ಟೋಲ್ಕಿನ್ ಆ ಪ್ರಕಾಶಕರ ಕೈಗಿತ್ತದ್ದು, ತಾವು ಮೊದಲನೆಯ ಮಹಾಯುದ್ಧದ ಕಾಲದಿಂದ ಸುಮಾರು ಇಪ್ಪತ್ತು ವರ್ಷಗಳ ಪರ್ಯಂತ ಕಟ್ಟುತ್ತ ಬಂದಿದ್ದ ಒಂದು ಪುರಾಣಸಮುಚ್ಚಯದ ಹಸ್ತಪ್ರತಿಗಳನ್ನು. ಅದರಲ್ಲಿ ಜಗದುತ್ಪತ್ತಿಯ ವೃತ್ತಾಂತವಿದ್ದಿತು. ದೇವತೆಗಳ ಕಲಹ, ಅಮರ್ತ್ಯರಾದ ಎಲ್ಫ್ ಜನರ ರಾಜವಂಶಗಳು, ಮುಳುಗಿಹೋದ ದೇಶಗಳು, ಆ ಜನರು ಆಡುವುದಕ್ಕೆಂದೇ ವ್ಯಾಕರಣಸಮೇತ ರಚಿತವಾದ ಭಾಷೆಗಳು, ಎಲ್ಲವೂ ಇದ್ದುವು. ಪ್ರಕಾಶಕರು ಅದನ್ನು ಮರ್ಯಾದೆಯಿಂದ ಹಿಂದಿರುಗಿಸಿ, ತಮಗೆ ಬೇಕಾದುದು ಹಾಬಿಟ್‌ಗಳ ಕಥೆಯೆಂದು ಸೂಚಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಟೋಲ್ಕಿನ್ ಹೊಸ ಕಥೆಯ ಮೊದಲ ಅಧ್ಯಾಯವನ್ನು ಬರೆದರು. ಅದು ಬೆಳೆದು ಬೆಳೆದು 1954 ಮತ್ತು 1955ರಲ್ಲಿ ಮೂರು ಸಂಪುಟಗಳ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಆಗಿ ಹೊರಬಂದಿತು. ಅದ್ಭುತ ಕಾದಂಬರಿ ಎಂಬ ಪ್ರಕಾರದ ಮುಖ್ಯ ಸಮಸ್ಯೆ ಈ ಒಂದು ಪ್ರಸಂಗದಲ್ಲಿ ತಾನಾಗಿಯೇ ವ್ಯಕ್ತವಾಗಿದೆ. ಲೋಕವು ಸಿದ್ಧವಾಗಿದ್ದಿತು, ಅದರೊಳಗೆ ನಡೆದು, ದಣಿದು, ಹಸಿದು, ಹೆದರಿ, ನಮ್ಮವನೊಬ್ಬನಂತೆ ಅದನ್ನು ಕಾಣಬಲ್ಲ ವ್ಯಕ್ತಿ ಮಾತ್ರ ಇನ್ನೂ ಬಂದಿರಲಿಲ್ಲ.

ಲೋಕನಿರ್ಮಾಣ ಮತ್ತು ಪಾತ್ರಪೋಷಣೆ ಎಂಬಿವುಗಳ ಸಮತೋಲವನ್ನು ಕುರಿತು ವಿಚಾರಿಸುವವರು ಸಾಮಾನ್ಯವಾಗಿ ತಕ್ಕಡಿಯ ಎರಡು ತಟ್ಟೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ವರ್ಣನೆಗೆ ಇಷ್ಟು ಪುಟ, ಅಂತರಂಗಕ್ಕೆ ಇಷ್ಟು ಪುಟ ಎಂದು ತೂಗಲು ತೊಡಗುತ್ತಾರೆ. ಈ ತೂಕದಿಂದ ನಿರ್ಣಯವಾಗುವುದು ಏನೂ ಇಲ್ಲವೆಂದು ನನ್ನ ಭಾವನೆ. ನಮ್ಮ ಅಲಂಕಾರಶಾಸ್ತ್ರಜ್ಞರು ಈ ವಿಷಯವನ್ನು ಇದಕ್ಕಿಂತ ಸೂಕ್ಷ್ಮವಾಗಿ ನೋಡಿದ್ದಾರೆ. ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ರಸಕ್ಕೆ ವಿರೋಧವನ್ನು ತರುವ ಸಂಗತಿಗಳನ್ನು ಹೇಳುವಾಗ, ಪ್ರಕೃತ ವಿಷಯಕ್ಕೆ ಹೇಗೋ ಸಂಬಂಧಪಟ್ಟಿದ್ದರೂ ಅನ್ಯವಾದ ವಸ್ತುವನ್ನು ವಿಸ್ತರಿಸಿ ವರ್ಣಿಸುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ, ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಅಂಗವಾದುದರ ಅತಿವಿಸ್ತಾರವನ್ನು ರಸದೋಷಗಳಲ್ಲಿ ಒಂದೆಂದು ಎಣಿಸಿದ್ದಾನೆ. ಇವರಿಬ್ಬರೂ ಕೇಳುತ್ತಿರುವುದು ವರ್ಣನೆ ಎಷ್ಟು ಉದ್ದವೆಂದಲ್ಲ, ಯಾವುದಕ್ಕೆ ಅದು ಅಂಗವೆಂದು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬರುವ ಬನವಾಸಿಯ ವರ್ಣನೆ ಇಂದಿಗೂ ನಮ್ಮ ನೆನಪಿನಲ್ಲಿ ಉಳಿದಿರುವುದಕ್ಕೆ ಕಾರಣ, ಆ ನಾಡು ಒಬ್ಬ ಮನುಷ್ಯನ ಹಂಬಲದ ಮೂಲಕ ನಮ್ಮ ಕಣ್ಣಿಗೆ ಬೀಳುವುದೇ; ಅಷ್ಟಾದಶವರ್ಣನೆಗಳ ಕಟ್ಟಳೆಯನ್ನು ತೀರಿಸುವುದಕ್ಕಾಗಿಯೇ ನಗರ ಸಮುದ್ರ ಪರ್ವತಗಳನ್ನು ಒಂದಾದ ಮೇಲೊಂದರಂತೆ ಬಣ್ಣಿಸಿದ ಅನಂತರಕಾಲದ ಎಷ್ಟೋ ಚಂಪೂಗಳನ್ನು ವಿದ್ವಾಂಸರಲ್ಲದವರು ಇಂದು ತೆರೆಯುವುದೂ ಅಪರೂಪ.

ಟೋಲ್ಕಿನ್ ಅವರಿಗೆ ಲೋಕನಿರ್ಮಾಣವು ಅಲಂಕಾರವಾಗಿರಲಿಲ್ಲ, ಶ್ರದ್ಧೆಯಾಗಿದ್ದಿತು. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕಥೆಗಳನ್ನು ಕುರಿತು ಕೊಟ್ಟ ಉಪನ್ಯಾಸದಲ್ಲಿ, ಕಥೆಗಾರನು ಈಶ್ವರಸೃಷ್ಟಿಯ ಒಳಗೆ ನಿಂತು ಎರಡನೆಯದೊಂದು ಜಗತ್ತನ್ನು ಸೃಜಿಸುವವನೆಂದೂ, ಆ ಜಗತ್ತಿಗೆ ತನ್ನದೇ ಆದ ಆಂತರಿಕ ಸಂಗತಿಯಿದ್ದರೆ ಮಾತ್ರ ಓದುಗನಲ್ಲಿ ಅದರ ಬಗೆಗೆ ನಂಬಿಕೆ ನೆಲೆಗೊಳ್ಳುವುದೆಂದೂ ಅವರು ಪ್ರತಿಪಾದಿಸಿದರು. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ನಂಬಿಕೆ ಒಂದು, ಕಳಕಳಿ ಇನ್ನೊಂದು. ನಕ್ಷೆಯಲ್ಲಿ ನದಿ ಬೆಟ್ಟಗಳು ಸರಿಯಾಗಿ ಹೊಂದಿಕೊಂಡಿದ್ದರೆ ಆ ದೇಶವನ್ನು ನಂಬಬಹುದು. ಅದು ಹಾಳಾದರೆ ನಮಗೆ ದುಃಖವಾಗಬೇಕಾದರೆ ಅಲ್ಲಿ ನಮಗೆ ಬೇಕಾದವನೊಬ್ಬನು ವಾಸಿಸುತ್ತಿರಬೇಕು.

ಹಾಬಿಟ್‌ಗಳು ಅಂಥವರು. ಅಳತೆಯಲ್ಲಿ ಗಿಡ್ಡರು, ತೋಟ ಊಟ ಧೂಮಪಾನಗಳಲ್ಲಿ ತೃಪ್ತರು, ಹೊರಗಿನ ಚರಿತ್ರೆಯ ವಿಷಯದಲ್ಲಿ ಬಹುಮಟ್ಟಿಗೆ ಅಜ್ಞರು. ಈ ಅಜ್ಞಾನವೇ ಕಾದಂಬರಿಗೆ ಪರಮೋಪಕಾರವಾಗಿದೆ. ಏಕೆಂದರೆ ಲೋಕದ ಪ್ರತಿಯೊಂದು ಸಂಗತಿಯೂ ಅದನ್ನು ತಿಳಿಯಬೇಕಾದ ನಿರ್ಬಂಧಕ್ಕೆ ಸಿಕ್ಕಿದವನಿಗೆ, ತಿಳಿಯಬೇಕಾದ ಗಳಿಗೆಯಲ್ಲಿ ಬಂದು ತಲಪುತ್ತದೆ. ಮಾಲಿಯ ಮಗನಾದ ಸ್ಯಾಮ್, ತನ್ನ ಯಜಮಾನನಾದ ಫ್ರೋಡೋನೊಡನೆ ಶತ್ರುದೇಶವಾದ ಮಾರ್ಡಾರ್‌ನ ಗಡಿಯಲ್ಲಿ ಕಡಿದಾದ ಮೆಟ್ಟಿಲುಗಳ ಮೇಲೆ ಕುಳಿತು ವಿಶ್ರಮಿಸಿಕೊಳ್ಳುವ ಸನ್ನಿವೇಶವನ್ನು ನೋಡಬೇಕು. ಬಹು ಪ್ರಾಚೀನ ಕಾಲದಲ್ಲಿ ಬೆರೆನ್ ಎಂಬ ವೀರನು ಅಸುರಸದೃಶನಾದ ಮಾರ್ಗೋತನ ಕಿರೀಟದಿಂದ ಕಿತ್ತು ತಂದ ದಿವ್ಯರತ್ನದ ಕಥೆ ಅವನಿಗೆ ಹಾಡುಗಳಿಂದ ಗೊತ್ತು. ಆ ರತ್ನವೇ ಮುಂದೆ ಆಕಾಶದಲ್ಲಿ ನಕ್ಷತ್ರವಾಯಿತೆಂಬುದೂ, ಆ ನಕ್ಷತ್ರದ ಬೆಳಕನ್ನೇ ಗ್ಯಾಲಡ್ರಿಯೆಲ್ ಎಂಬ ರಾಣಿ ಒಂದು ಸ್ಫಟಿಕದ ಕುಪ್ಪಿಯಲ್ಲಿ ತುಂಬಿ ಫ್ರೋಡೋನಿಗೆ ಕೊಟ್ಟಿರುವಳೆಂಬುದೂ ಆಗ ಅವನಿಗೆ ಒಟ್ಟಾಗಿ ಹೊಳೆಯುತ್ತದೆ. ತಾವು ಬಾಲ್ಯದಲ್ಲಿ ಕೇಳಿದ ಕಥೆ ಮುಗಿದಿಲ್ಲ, ಅದರ ಮುಂದುವರಿದ ಭಾಗದಲ್ಲಿಯೇ ತಾವು ಕುಳಿತಿದ್ದೇವೆ ಎಂದು ಅವನು ಬೆರಗಾಗುತ್ತಾನೆ. ಸಹಸ್ರಾರು ವರ್ಷಗಳ ಪುರಾಣವು ಇಲ್ಲಿ ಒಬ್ಬ ತೋಟದಾಳಿನ ಧೈರ್ಯಕ್ಕೆ ಅಂಗವಾಗಿ ಬಂದಿದೆ. ಇಪ್ಪತ್ತು ವರ್ಷ ಟೋಲ್ಕಿನ್ ಕಟ್ಟಿದುದೆಲ್ಲ ಈ ಒಂದು ಗಳಿಗೆಗಾಗಿ ಕಾದಿತ್ತೋ ಎನ್ನಿಸುವಷ್ಟು ಅದು ಸಹಜವಾಗಿದೆ.

ಇದೇ ಮೆಟ್ಟಿಲುಗಳ ಮೇಲೆ ಇನ್ನೊಂದು ಘಟನೆ ನಡೆಯುತ್ತದೆ. ಇಡೀ ಕೃತಿಯಲ್ಲಿ ನನಗೆ ಅತ್ಯಂತ ದುಃಖಕರವಾಗಿ ತೋರುವುದು ಅದೇ. ಫ್ರೋಡೋ ನಾಶಮಾಡಲೆಂದು ಹೊತ್ತೊಯ್ಯುತ್ತಿರುವ ಉಂಗುರದ ಮೋಹದಿಂದ ನಾಲ್ಕು ಶತಮಾನಕ್ಕೂ ಮಿಗಿಲಾಗಿ ಕ್ಷಯಿಸಿದ ಗಾಲ್ಲಮ್, ಇವರನ್ನು ದ್ರೋಹದಿಂದ ಒಪ್ಪಿಸಿಕೊಡುವ ಹೊಂಚು ಹಾಕಿ ಹಿಂದಿರುಗಿದಾಗ, ನಿದ್ರಿಸುತ್ತಿರುವ ಫ್ರೋಡೋನನ್ನು ಕಂಡು, ಕ್ಷಣಕಾಲ ಕನಿಕರಗೊಂಡು, ಮೆಲ್ಲಗೆ ಅವನ ಮೊಣಕಾಲನ್ನು ಮುಟ್ಟುತ್ತಾನೆ. ಎಚ್ಚೆತ್ತ ಸ್ಯಾಮ್ ಸಂಶಯದಿಂದ ಗದರುತ್ತಾನೆ. ಪಶ್ಚಾತ್ತಾಪದ ಬಾಗಿಲು ಮುಚ್ಚಿಹೋಗುತ್ತದೆ. ಉಂಗುರಕ್ಕೆ ಇಂಥ ಶಕ್ತಿಯಿದೆಯೆಂಬ ಲೋಕನಿಯಮ ಇಲ್ಲದಿದ್ದರೆ ಈ ದುರಂತಕ್ಕೆ ಅರ್ಥವಿಲ್ಲ. ಒಳ್ಳೆಯವನಾದ ಸ್ಯಾಮನ ಪ್ರೀತಿಯೇ ಇನ್ನೊಬ್ಬನ ಉದ್ಧಾರಕ್ಕೆ ಅಡ್ಡವಾಗುವುದನ್ನು ಕಾಣದಿದ್ದರೆ ಆ ನಿಯಮಕ್ಕೆ ಬೆಲೆಯಿಲ್ಲ. ಕೊನೆಯಲ್ಲಿ ಅಗ್ನಿಪರ್ವತದ ಗರ್ಭದಲ್ಲಿ ಫ್ರೋಡೋ ಉಂಗುರವನ್ನು ಎಸೆಯಲಾರದೆ ತನ್ನದೆಂದು ಸಾರುವುದೂ, ಗಾಲ್ಲಮ್ ಅವನ ಬೆರಳನ್ನು ಕಚ್ಚಿ ಕಿತ್ತುಕೊಂಡು ಉಂಗುರದೊಡನೆ ಬೆಂಕಿಗೆ ಬೀಳುವುದೂ ಇದೇ ತರ್ಕದ ಫಲ. ತಾನೇ ವಿಧಿಸಿದ ನಿಯಮವನ್ನು ನಾಯಕನ ಮೇಲಿನ ವಾತ್ಸಲ್ಯದಿಂದ ಸಡಿಲಿಸದ ಈ ನಿಷ್ಠುರತೆ ದೊಡ್ಡ ಕವಿಗೆ ಉಚಿತವಾದುದು. ಆ ಪರ್ವತದ ಹಾದಿಯಲ್ಲಿ ಹೊರೆಯನ್ನು ಹಗುರಮಾಡಿಕೊಳ್ಳಬೇಕಾಗಿ ಬಂದಾಗ, ಸ್ಯಾಮ್ ಅಷ್ಟು ದೂರ ಜೋಪಾನವಾಗಿ ಹೊತ್ತುತಂದಿದ್ದ ಅಡಿಗೆಯ ಪಾತ್ರೆಗಳನ್ನು ಒಂದು ಬಿರುಕಿನೊಳಕ್ಕೆ ಎಸೆಯುತ್ತಾನೆ. ಅವು ಬೀಳುವ ಸದ್ದಿಗೆ ಅವನ ಎದೆ ಕುಗ್ಗುತ್ತದೆ. ಮಾರ್ಡಾರ್ ದೇಶದ ಭೀಕರತೆಯನ್ನು ಹತ್ತು ಪುಟಗಳ ವರ್ಣನೆಯೂ ಇದಕ್ಕಿಂತ ಚೆನ್ನಾಗಿ ತಿಳಿಸಲಾರದು.

ಹೀಗೆಂದು ಈ ಕೃತಿಯಲ್ಲಿ ಔಚಿತ್ಯ ಎಲ್ಲಿಯೂ ತಪ್ಪಿಲ್ಲವೆನ್ನಲಾಗದು. ಪ್ರಯಾಣದ ಆರಂಭದಲ್ಲಿ ಹಾಬಿಟ್‌ಗಳಿಗೆ ಎದುರಾಗುವ ಟಾಮ್ ಬಾಂಬಡಿಲನ ಅಧ್ಯಾಯಗಳನ್ನು ಬಹುಜನ ಆಕ್ಷೇಪಿಸುತ್ತಾರೆ. ನನಗೆ ಅವು ಅಷ್ಟು ಬಾಧಕವಾಗಿ ತೋರಿಲ್ಲ. ನಿಜವಾದ ಲೋಪ ಎಲ್ಫ್ ಕನ್ಯೆಯಾದ ಆರ್ವೆನಳ ವಿಷಯದಲ್ಲಿದೆ. ಅಮರ್ತ್ಯಕುಲದ ಕನ್ಯೆ ಮರ್ತ್ಯನೊಬ್ಬನನ್ನು ವರಿಸಿದರೆ ತನ್ನ ಅಮರತ್ವವನ್ನು ತ್ಯಜಿಸಬೇಕು, ತಂದೆಯಿಂದ ಲೋಕಾಂತ್ಯದವರೆಗೂ ಅಗಲಬೇಕು: ಟೋಲ್ಕಿನ್ ಕಲ್ಪಿಸಿದ ನಿಯಮಗಳಲ್ಲಿ ಇದಕ್ಕಿಂತ ಕರುಣಾಜನಕವಾದುದು ಬೇರೊಂದಿಲ್ಲ, ಮತ್ತು ಇದಕ್ಕೆ ಸಿಕ್ಕಿದ ವ್ಯಕ್ತಿ ಕಣ್ಣೆದುರಿಗೇ ಇದ್ದಾಳೆ. ಆದರೂ ಅವಳ ನಿರ್ಧಾರ, ಪತಿಯ ಮರಣಶಯ್ಯೆಯ ಬಳಿ ಅವಳಿಗೆ ಆಗುವ ಕಹಿಯಾದ ಅರಿವು, ಇವೆಲ್ಲ ವಂಶಾವಳಿ ಕಾಲಗಣನೆಗಳ ನಡುವೆ ಅನುಬಂಧದಲ್ಲಿ ಸೇರಿಕೊಂಡಿವೆ. ಮುಖ್ಯಕಥೆಯಲ್ಲಿ ಅವಳು ಹೆಚ್ಚುಕಡಿಮೆ ಮೂಕಳು. ಲೋಕದ ಕಾನೂನು ಒಂದು ಹೃದಯವನ್ನು ನೇರವಾಗಿ ಹಿಂಡುವ ಸ್ಥಳವನ್ನೇ ಕಾದಂಬರಿಯಿಂದ ಹೊರಗಿಟ್ಟದ್ದು ಸಣ್ಣ ನಷ್ಟವಲ್ಲ.

1973ರಲ್ಲಿ ಟೋಲ್ಕಿನ್ ತೀರಿಕೊಂಡ ಮೇಲೆ ಅವರ ಮಗ ಕ್ರಿಸ್ಟೊಫರ್ ಆ ಹಳೆಯ ಹಸ್ತಪ್ರತಿಗಳಿಂದ ಸಂಪಾದಿಸಿ 1977ರಲ್ಲಿ ಪ್ರಕಟಿಸಿದ ‘ದಿ ಸಿಲ್ಮರಿಲಿಯನ್’ ಗ್ರಂಥವನ್ನು ಓದುವಾಗ, ಹಾಬಿಟ್‌ಗಳಿಲ್ಲದ ಈ ಲೋಕ ಹೇಗಿರುತ್ತಿತ್ತೆಂಬುದು ಅನುಭವಕ್ಕೆ ಬರುತ್ತದೆ. ಅದರ ಗಾಂಭೀರ್ಯ ಅಪೂರ್ವವಾದದ್ದು. ಆದರೆ ಬೆಲೆರಿಯಾಂಡ್ ದೇಶದ ರಾಜ್ಯಗಳನ್ನು ವಿವರಿಸುವ ಅಧ್ಯಾಯವು ಕೇವಲ ಭೂಗೋಳ. ಅಲ್ಲಿ ಬರುವ ನದಿಗಳನ್ನು ಯಾರೂ ದಾಟುತ್ತಿಲ್ಲ. ಅದೇ ಗ್ರಂಥದಲ್ಲಿ ಟೂರಿನ್ ತುರಂಬಾರನ ಕಥೆ ಬಂದೊಡನೆ ಎಲ್ಲವೂ ಬದಲಾಗುತ್ತದೆ. ಮಾರ್ಗೋತನ ಶಾಪ ಅವನ ವಂಶವನ್ನು ಹಿಂಬಾಲಿಸುತ್ತಿದೆಯಾದರೂ, ಆ ಶಾಪಕ್ಕೆ ದಾರಿ ತೆರೆದುಕೊಡುವುದು ಪ್ರತಿಸಲವೂ ಅವನ ಅಭಿಮಾನವೇ. ಕತ್ತಲಲ್ಲಿ ತನ್ನನ್ನು ಬಿಡಿಸಲು ಬಂದ ಆಪ್ತಮಿತ್ರನನ್ನೇ ಶತ್ರುವೆಂದು ಭ್ರಮಿಸಿ ಕೊಲ್ಲುವ ಆ ದೃಶ್ಯವನ್ನು ಓದಿದವನು ಮರೆಯಲಾರ. ಶಾಪವು ಲೋಕಕ್ಕೆ ಸೇರಿದ್ದೋ ಸ್ವಭಾವಕ್ಕೆ ಸೇರಿದ್ದೋ ಎಂದು ಬಿಡಿಸಿ ಹೇಳಲಾಗದ ಈ ಸ್ಥಿತಿಯೇ ಅದ್ಭುತಕಥನದ ಪರಿಪಾಕ. ನಾಗವರ್ಮನು ಕನ್ನಡಕ್ಕೆ ತಂದ ಬಾಣನ ‘ಕಾದಂಬರಿ’ಯಲ್ಲಿಯೂ ಮಹಾಶ್ವೇತೆಯ ಪ್ರಸಂಗ ಇಂಥದೇ. ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನು ಮೃತನಾದ ಪುಂಡರೀಕನ ದೇಹವನ್ನೆತ್ತಿಕೊಂಡು, ಪುನಸ್ಸಮಾಗಮ ಉಂಟೆಂದು ನುಡಿದು ಹೋಗುವ ಆ ಅಲೌಕಿಕ ಘಟನೆಯಿಂದಲೇ ಅವಳು ಸಾಯಲೂ ಆಗದೆ ಬದುಕಲೂ ಆಗದೆ ಅಚ್ಛೋದ ಸರೋವರದ ತೀರದಲ್ಲಿ ತಪಸ್ವಿನಿಯಾಗಿ ಕಾಯಬೇಕಾಗುತ್ತದೆ.

ಟೋಲ್ಕಿನ್ ಅವರ ಲೋಕವು ಪಾತ್ರಗಳಿಗಿಂತ ಮೊದಲು ಹುಟ್ಟಿ ಅವರಿಗಾಗಿ ಕಾದಿದ್ದರೆ, ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968) ಎಂಬ ಚಿಕ್ಕ ಕಾದಂಬರಿಯಲ್ಲಿ ಲೋಕದ ನಿಯಮವೂ ನಾಯಕನ ಸಮಸ್ಯೆಯೂ ಒಂದೇ ವಸ್ತುವಿನ ಎರಡು ಮುಖಗಳಾಗಿವೆ. ಆ ದ್ವೀಪಸಮೂಹದಲ್ಲಿ ಪ್ರತಿಯೊಂದು ವಸ್ತುವಿಗೂ ಪ್ರಾಣಿಗೂ ಒಂದು ನಿಜನಾಮವುಂಟು. ಅದನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರವುಂಟು. ಗೆಡ್ ಎಂಬ ತರುಣನು ಸಹಪಾಠಿಯ ಮೇಲಿನ ಮತ್ಸರದಿಂದ ಪ್ರೇತವನ್ನು ಆವಾಹಿಸಲು ಹೋಗಿ, ಹೆಸರಿಲ್ಲದ ಒಂದು ಛಾಯೆಯನ್ನು ಜಗತ್ತಿನೊಳಕ್ಕೆ ಬಿಟ್ಟುಬಿಡುತ್ತಾನೆ. ಪೆಂಡರ್ ದ್ವೀಪದಲ್ಲಿ ವೃದ್ಧ ಮಹೋರಗವು ಆ ಛಾಯೆಯ ಹೆಸರನ್ನು ಹೇಳಿಕೊಡುವೆನೆಂದು ಆಸೆ ತೋರಿಸುತ್ತದೆ. ಗೆಡ್‌ನ ಪ್ರಾಣರಕ್ಷಣೆಗೆ ಬೇಕಾದುದು ಅದೊಂದೇ. ಆದರೆ ಅವನು ಬೇಡುವುದು, ತನ್ನನ್ನು ನಂಬಿದ ಬಡ ದ್ವೀಪವಾಸಿಗಳ ಮೇಲೆ ಅದು ಎಂದಿಗೂ ಎರಗಬಾರದೆಂಬ ವಚನವನ್ನು. ಹೆಸರಿನ ನಿಯಮವನ್ನು ವಿವರಿಸುವುದಕ್ಕೆ ಲೇಖಕಿ ಮಾಡಿದ ಶ್ರಮವೆಲ್ಲ ಈ ಆಯ್ಕೆಯಲ್ಲಿ ಸಾರ್ಥಕವಾಗಿದೆ. ಕಡೆಗೆ ಗೆಡ್ ಸಮುದ್ರದಾಚೆ ಆ ಛಾಯೆಯನ್ನು ಎದುರಿಸಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು ಕೂಗಿದಾಗ, ಓದುಗನಿಗೆ ಅದು ಅನಿರೀಕ್ಷಿತವೂ ಆಗಿ ಅನಿವಾರ್ಯವೂ ಆಗಿ ಕಾಣುತ್ತದೆ.

ಇದರ ಮುಂದಿನ ಕೃತಿ ‘ದಿ ಟೂಂಬ್ಸ್ ಆಫ್ ಆಟುಆನ್’ ಇನ್ನೂ ಹೆಚ್ಚಿನ ಸಿದ್ಧಿಯೆಂದು ನಾನು ತಿಳಿದಿದ್ದೇನೆ. ಮಗುವಾಗಿದ್ದಾಗಲೇ ಹೆತ್ತವರಿಂದ ಅಗಲಿಸಿ, ಹೆಸರನ್ನು ಕಿತ್ತುಕೊಂಡು, ಅನಾಮಧೇಯ ಶಕ್ತಿಗಳಿಗೆ ಅರ್ಚಕಿಯಾಗಿ ಮಾಡಿದ ಟೆನಾರ್ ಎಂಬ ಹುಡುಗಿ, ದೀಪ ನಿಷಿದ್ಧವಾದ ನೆಲಮಾಳಿಗೆಯನ್ನು ಕೈಯಿಂದ ತಡವಿ, ತಿರುವುಗಳನ್ನು ಎಣಿಸಿ ಕಲಿಯುತ್ತಾಳೆ. ಆ ಕತ್ತಲೆ ನಮಗೆ ತಿಳಿಯುವುದು ಅವಳ ಬೆರಳುಗಳಿಗೆ ತಿಳಿದಷ್ಟೇ. ಒಂದು ದಿನ ಪರಕೀಯನಾದ ಗೆಡ್ ಅಲ್ಲಿ ಬೆಳಕು ಮಾಡಿದಾಗ, ತಾನು ಆಳುತ್ತಿದ್ದ ಗುಹೆ ಸ್ಫಟಿಕಗಳಿಂದ ಥಳಥಳಿಸುವುದನ್ನು ಅವಳು ಮೊಟ್ಟಮೊದಲು ಕಾಣುತ್ತಾಳೆ; ತನ್ನ ಲೋಕವನ್ನು ತನಗೆ ಯಾರೂ ತೋರಿಸಿರಲಿಲ್ಲವೆಂಬ ಅರಿವು ಅಲ್ಲಿಂದಲೇ ಆರಂಭವಾಗುತ್ತದೆ. ಇಲ್ಲಿ ವರ್ಣನೆ ಯಾವುದು, ಪಾತ್ರಪೋಷಣೆ ಯಾವುದು ಎಂದು ಗೆರೆ ಎಳೆಯಲು ಸಾಧ್ಯವೇ ಇಲ್ಲ.

ಲೆ ಗ್ವಿನ್ ತಮ್ಮ ಲೋಕವನ್ನು ತಾವೇ ಮರುಪರೀಕ್ಷೆಗೆ ಒಡ್ಡಿದ ರೀತಿ ನನಗೆ ಅತ್ಯಂತ ಪೂಜ್ಯವಾಗಿ ತೋರುತ್ತದೆ. 1972ರ ಮೂರನೆಯ ಕಥೆಯ ತರುವಾಯ ಹದಿನೆಂಟು ವರ್ಷ ಕಳೆದು 1990ರಲ್ಲಿ ಬಂದ ‘ಟೆಹನು’ವಿನಲ್ಲಿ ಟೆನಾರ್ ಒಕ್ಕಲುಮನೆಯ ನಡುವಯಸ್ಸಿನ ವಿಧವೆ, ಗೆಡ್ ಮಂತ್ರಶಕ್ತಿಯನ್ನು ಕಳೆದುಕೊಂಡು ನಾಚಿ ಮರೆಯಾಗಿರುವ ಮನುಷ್ಯ, ಅವರ ನಡುವೆ ಕ್ರೂರಿಗಳು ಬೆಂಕಿಯಲ್ಲಿ ಸುಟ್ಟ ಒಂದು ಹೆಣ್ಣುಮಗು. ಹಿಂದಿನ ಕಥೆಗಳಲ್ಲಿ ಮಂತ್ರವಿದ್ಯಾಪೀಠಕ್ಕೆ ಸ್ತ್ರೀಯರಿಗೆ ಪ್ರವೇಶವಿಲ್ಲವೆಂಬುದು ಲೋಕದ ಒಂದು ಸಣ್ಣ ವಿವರವಾಗಿದ್ದಿತು. ಈಗ ಅದರ ಬೆಲೆಯನ್ನು ತೆರುತ್ತಿರುವವರ ಮುಖಗಳು ಕಾಣುತ್ತವೆ. ಇದರಿಂದ ಹಳೆಯ ಲೋಕದ ಮಹಿಮೆ ಕುಂದಿತೆಂದು ಬೇಸರಪಟ್ಟ ಓದುಗರನ್ನು ನಾನು ಬಲ್ಲೆ. ಆದರೆ ಆ ಲೋಕದಲ್ಲಿ ಮೊದಲಿನಿಂದಲೂ ಇದ್ದು ಯಾರೂ ವಿಚಾರಿಸದಿದ್ದ ಅನ್ಯಾಯವೊಂದು ಈಗ ವಿಚಾರಣೆಗೆ ಬಂದುದರಿಂದ ಅದು ಮೊದಲಿಗಿಂತ ಸತ್ಯವಾಗಿದೆಯೆಂದೇ ನನ್ನ ನಿಶ್ಚಯ. ಕೃತಿಯ ದೌರ್ಬಲ್ಯ ಬೇರೆ ಕಡೆಯಲ್ಲಿದೆ. ಟೆನಾರಳನ್ನು ಅವಮಾನಪಡಿಸುವ ರೆ ಆಲ್ಬಿ ಎಂಬ ಊರಿನ ಮಂತ್ರವಾದಿ ಕಡೆಯವರೆಗೂ ದ್ವೇಷದ ಒಂದು ಆಕೃತಿಯಾಗಿಯೇ ಉಳಿಯುತ್ತಾನೆ. ಆ ವಿದ್ಯಾಪೀಠದ ಯಾವ ಶಿಕ್ಷಣ, ಯಾವ ಭಯ ಅವನನ್ನು ಹಾಗೆ ಮಾಡಿತೆಂಬುದನ್ನು, ಗೆಡ್‌ನ ಮತ್ಸರವನ್ನು ಅಷ್ಟು ಸಹಾನುಭೂತಿಯಿಂದ ತೋರಿಸಿದ್ದ ಲೇಖಕಿ, ಇವನ ವಿಷಯದಲ್ಲಿ ಒಂದು ಅಧ್ಯಾಯದಷ್ಟಾದರೂ ತೋರಿಸಬೇಕಾಗಿದ್ದಿತು.